ಎದುರುಮನೆಯ ಕಟ್ಟೆ

ಎದುರುಮನೆಯವಳು ಊರು ಬಿಡುವ ಹಾಗೆ ಮಾಡಿದವಳು ನಾನೇ. ಒಂದೇ ಬೆರಳಿನಿಂದ, ಮೊಬೈಲಿನ ಮೇಲೆ.

ನಮ್ಮದು ಬಸವನ ಬಾಗೇವಾಡಿ, ಗುಡಿಯ ಹಿಂದಿನ ಓಣಿ. ವರ್ಷವಿಡೀ ಊರು ನೋಡಲು ಜನ ಬರುತ್ತಾರೆ. ಅದರಿಂದ ಏನೂ ಒಳ್ಳೆಯದಾಗಿಲ್ಲ ಎಂದರೆ ಸುಳ್ಳಾದೀತು. ಓಣಿಗೆ ದೀಪ ಬಂದವು, ಕಸದ ಗಾಡಿ ದಿನವೂ ಬರುತ್ತದೆ, ಸಿಂದಗಿಯ ಬೀಗರು ನಮ್ಮೂರಿನ ಗದ್ದಲ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಹೋಗುತ್ತಾರೆ, ಬಚ್ಚಲು ಎಲ್ಲಿ ಎಂದು ಒಳಗೇ ಬರುತ್ತಾರೆ. ಅಕ್ಕಿ ಆರಿಸುತ್ತ ಕುಳಿತರೆ ನಾನೂ ನೋಡುವ ವಸ್ತುವೇ. ನನ್ನ ಇಳಕಲ್ ಸೀರೆ ಎಷ್ಟು ಜನರ ಫೋನಿನಲ್ಲಿದೆಯೋ, ನನಗಂತೂ ಗೊತ್ತಿಲ್ಲ.

ಇದನ್ನೆಲ್ಲ ತಡೆದುಕೊಂಡದ್ದು ಎದುರುಮನೆಯವಳಿಂದ. ನಲವತ್ತು ವರ್ಷ, ಸಂಜೆ ಐದಾದರೆ ನಾನು ಅವಳ ಕಟ್ಟೆಯ ಮೇಲೆ. ಬಂದವರನ್ನು ನೋಡಿ ತೀರ್ಪು ಕೊಡುವುದೇ ನಮ್ಮ ಕೆಲಸ. ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ ಬಂದರೆ ಬಸ್ಸಿನಲ್ಲೇ ಜಗಳವಾಗಿದೆ. ಅತ್ತೆಯ ಕೈ ಹಿಡಿದು ಸೊಸೆ ನಡೆಸುತ್ತಿದ್ದರೆ ಮದುವೆಯಾಗಿ ವರ್ಷ ತುಂಬಿಲ್ಲ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಆದರೆ ತೀರ್ಪಿನಲ್ಲಿ ನನಗಿಂತ ಕಠಿಣ.

ಹೋದ ವರ್ಷ ಮೊಮ್ಮಗಳು ನನಗೆ ಟೈಪ್ ಮಾಡುವುದನ್ನು ಕಲಿಸಿದಳು. ಒಂದು ಮಧ್ಯಾಹ್ನ ಫೋನಿನ ನಕಾಶೆಯಲ್ಲಿ ನಮ್ಮ ಗುಡಿ ತೋರಿಸಿದಳು. ಅಲ್ಲಿ ಯಾರೋ, ಹತ್ತಿರದಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಅವಳು ನೀರು ಕುಡಿಯಲು ಎದ್ದು ಹೋದಾಗ ನಾನು ಕುಟ್ಟಿದೆ: ‘ಗುಡಿ ಹಿಂದಿನ ಓಣಿ, ಬೇವಿನ ಗಿಡದ ಮನಿ. ಬರ್ರಿ, ಊಟ ಮಾಡ್ರಿ.’

ಉಣ್ಣುವಾಗ ಬಾಗಿಲ ಮುಂದೆ ಯಾರು ಹಾದರೂ ನಾವು ಹಾಗೆ ಕರೆಯಲೇಬೇಕು. ಕರೆಸಿಕೊಂಡವರು ‘ಆಗೈತ್ರಿ, ನೀವು ಮಾಡ್ರಿ’ ಎಂದು ಮುಂದೆ ಹೋಗಲೇಬೇಕು. ಹಸಿದಿದ್ದರೂ ಅಷ್ಟೇ. ಇದು ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತು. ಬೆಂಗಳೂರಿನ ಕಡೆಯವರಿಗೆ ಗೊತ್ತಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಒಂದು ಕಾರು ನಿಂತಿತು. ಆರು ಜನ ಇಳಿದು, ಫೋನು ನೋಡಿ, ಬೇವಿನ ಗಿಡ ನೋಡಿ, ಕೈ ತೊಳೆಯಲು ನೀರು ಕೇಳಿದರು. ಕರೆದ ಮೇಲೆ ಇಲ್ಲ ಎನ್ನಲಾದೀತೇ? ಓಡಿ ಹೋಗಿ ಎದುರುಮನೆಯವಳನ್ನು ಕರೆತಂದೆ. ಅವಳು ಬೈಯುತ್ತಲೇ ರೊಟ್ಟಿ ಬಡಿದಳು. ಉಂಡವರು ಅವಳ ಶೇಂಗಾ ಹಿಂಡಿ ನೆಕ್ಕಿ, ಫೋಟೋ ತೆಗೆದು, ಫೋನಿಗೆ ಹಾಕಿದರು. ಮೊಮ್ಮಗಳು ನನ್ನ ಸಾಲು ಅಳಿಸಿದಳು. ಬಂದವರು ಹಾಕಿದ್ದನ್ನು ಅಳಿಸಲು ಅವಳಿಂದಲೂ ಆಗಲಿಲ್ಲ. ವಾರಕ್ಕೆರಡು ಕಾರು ಬರತೊಡಗಿದವು.

ಹಾಗೆ ಬಂದವರಲ್ಲಿ ಒಬ್ಬ ಎದುರುಮನೆಯ ಕಂಬ, ತೊಲೆ ಎಲ್ಲ ಮುಟ್ಟಿ ನೋಡಿದ. ಮನೆ ಬಾಡಿಗೆಗೆ ಕೊಟ್ಟರೆ ಊರು ನೋಡಲು ಬರುವವರನ್ನು ಇಳಿಸುತ್ತೇನೆ ಎಂದ. ಅವನು ಮತ್ತೆ ಬಂದಾಗ ಓಣಿಯ ತುದಿಯಲ್ಲೇ ಹಿಡಿದೆ. ನಳಕ್ಕೆ ದಿನವೂ ನೀರು ಬರುವುದಿಲ್ಲ ಎಂದೆ. ಟ್ಯಾಂಕರ್ ತರಿಸುತ್ತೇನೆ ಎಂದ. ನಸುಕಿನಲ್ಲೇ ಗುಡಿಯ ಗಂಟೆ, ನಿದ್ದೆ ಸಾಧ್ಯವಿಲ್ಲ ಎಂದೆ.

‘ಬರೋರು ಅದನ್ನ ಕೇಳೋಕೇ ಬರ್ತಾರೆ ಅಜ್ಜಿ’ ಎಂದ.

ಮಂಗ ಇವೆ ಎಂದೆ. ಮಕ್ಕಳಿಗೆ ಖುಷಿ ಎಂದ. ಕೊನೆಗೆ ಎದುರಿಗೆ ಒಬ್ಬ ಮುದುಕಿ ಇದ್ದಾಳೆ, ಬಾಯಿ ಸರಿಯಿಲ್ಲ ಎಂದೆ. ನಕ್ಕ. ನನ್ನ ಬತ್ತಳಿಕೆ ಅಲ್ಲಿಗೆ ಖಾಲಿ.

ಅವಳು ಮಾತ್ರ ಸಂಜೆ ಕಟ್ಟೆಯ ಮೇಲೆ ಮೊಳಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಮಗಳು ತನ್ನ ಗಂಡನ ಊರು ತಾಂಬಾಕ್ಕೆ ಕರೆಯುತ್ತಲೇ ಇದ್ದಳು. ಬಾಡಿಗೆ ಬಂದರೆ ಅಳಿಯನ ಮನೆಯಲ್ಲಿ ಕೈ ಚಾಚದೆ ಇರಬಹುದು. ಅಲ್ಲಿ ಮೆಟ್ಟಿಲಿಲ್ಲ, ಬಾಗಿಲು ಬಡಿಯುವವರಿಲ್ಲ.

‘ನೀ ಬ್ಯಾಡ ಅಂದ್ರ ಕೊಡಂಗಿಲ್ಲಕ್ಕ’ ಎಂದಳು.

ಇದೊಂದು ಮಾತು ಆಡದಿದ್ದರೆ ಜಗಳವಾಡಿ ನಿಲ್ಲಿಸುತ್ತಿದ್ದೆ. ಈಗ ಅವಳ ಊದಿದ ಕಾಲು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಬೇರೆ ಕಡೆ ನೋಡಿದೆ.

‘ಕೊಟ್ಟುಬಿಡವ್ವ. ಹುಚ್ಚಿ, ನನ್ನ ಕೇಳ್ತಿಯೇನ?’

ಎಂಟು ದಿನದಲ್ಲಿ ಮಗಳು ಗಾಡಿ ತಂದಳು. ಎದುರುಮನೆಯವಳು ಬೀಸುವ ಕಲ್ಲನ್ನೂ ಹೇರಿಸಿದಳು. ಗಾಡಿ ತಿರುಗುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಈಗ ಆ ಮನೆಗೆ ಸುಣ್ಣ ಹೊಡೆದು ‘ಅಜ್ಜಿ ಮನೆ’ ಎಂದು ಫಲಕ ಹಾಕಿದ್ದಾರೆ. ಒಳಗೆ ಅಜ್ಜಿ ಇಲ್ಲ. ಸಂಜೆ ಹೊತ್ತು ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳಿ, ಬಂದವರಿಗೆ ಚಂದ ಕಾಣುತ್ತದೆ ಎಂದು ಆ ಮನುಷ್ಯ ನನ್ನನ್ನೇ ಕೇಳಿದ. ನಾನೇನು ಗೊಂಬೆಯೇ ಎಂದು ಕಳಿಸಿದೆ. ಆದರೆ ಐದಾಯಿತೆಂದರೆ ಕಾಲು ನನ್ನ ಮಾತು ಕೇಳುವುದಿಲ್ಲ. ಹೋಗಿ ಕುಳಿತಿರುತ್ತೇನೆ. ನಿನ್ನೆ ಒಬ್ಬ ಹುಡುಗಿ, ಇದು ನಿಮ್ಮ ಮನೆಯೇ ಎಂದು ಕೇಳಿ ಫೋಟೋ ತೆಗೆಯುವಾಗ ತಾಂಬಾದಿಂದ ಫೋನು ಬಂತು.

‘ಕಟ್ಟಿ ಮ್ಯಾಲ ಯಾರ ಕುಂತಾರಕ್ಕ?’

‘ಯಾರೂ ಇಲ್ಲ’ ಎಂದೆ.