ಜಕಾರ್ತಾಕ್ಕೆ ಒಯ್ದ ಕೋಲುಗನ್ನಡಿ

ಆಗಸ್ಟ್ ತಿಂಗಳ ಒಂದು ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬಹ್ರೇನಿನ ಜಿಂಜ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಹೊರಟೆವು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಕಾರಿನ ಸೀಟು ಮುಟ್ಟಲಾಗದಷ್ಟು ಕಾದಿತ್ತು. ಗಂಡ ಫ್ರಾನ್ಸಿಸ್ ಸೇತುವೆ ದಾಟಿಸಿ ಹದಿನೈದು ನಿಮಿಷದಲ್ಲಿ ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ತಂದು ಬಿಟ್ಟರು. ಹೋಗಿ ಬರುವ ಟಿಕೇಟಿಗೆ ನೂರ ಎಂಬತ್ತು ದಿನಾರ್, ದುಬೈಯಲ್ಲಿ ವಿಮಾನ ಬದಲಿಸಬೇಕು. ಪೆಟ್ಟಿಗೆಯಲ್ಲಿ ಮೂರು ಕಿಲೋ ಕುಚ್ಚಲಕ್ಕಿ, ಎರಡು ಡಬ್ಬ ಹಲ್ವ, ಜಕಾರ್ತಾದಲ್ಲಿರುವ ತಮ್ಮ ರೋಶನ್‌ಗೆ ಆರು ಬನಿಯನ್ ಇದ್ದವು. ಕೈಚೀಲದಲ್ಲಿ ಕರವಸ್ತ್ರ ಸುತ್ತಿದ ಒಂದು ಕೋಲುಗನ್ನಡಿ ಇತ್ತು. ಒಂಬತ್ತು ವರ್ಷದ ಹಿಂದೆ ಅವನ ಕೆಲಸ ಕಳೆದದ್ದು ಅದೇ. ಅದು ನನ್ನ ಹತ್ತಿರ ಇದೆಯೆಂದು ಫ್ರಾನ್ಸಿಸರಿಗೂ ಗೊತ್ತಿರಲಿಲ್ಲ.

ತಪಾಸಣೆಯಲ್ಲಿ ಕೈಚೀಲ ನಿಂತಿತು. ಅಲ್ಲಿದ್ದ ಹುಡುಗಿ ಕರವಸ್ತ್ರ ಬಿಚ್ಚಿ ಅದನ್ನು ಎತ್ತಿ ಹಿಡಿದಳು. ಬೆರಳುದ್ದದ ಹಿಡಿ, ಎಳೆದರೆ ಮೊಳದುದ್ದ ಆಗುವ ಕಡ್ಡಿ, ತುದಿಯಲ್ಲಿ ದೊಡ್ಡ ನಾಣ್ಯದಷ್ಟು ಅಗಲದ ಕನ್ನಡಿ.

“ಡಾಕ್ಟರಾ?” ಎಂದು ಹಿಂದಿಯಲ್ಲಿ ಕೇಳಿದಳು.

“ಅಲ್ಲಮ್ಮ, ಸಲ್ಮಾನಿಯಾದಲ್ಲಿ ಆಸ್ಪತ್ರೆ ಬಟ್ಟೆ ಮಡಚುವವಳು.”

“ಮತ್ತೆ ಇದು?”

“ತಮ್ಮನದ್ದು. ವಿಮಾನ ರಿಪೇರಿಯವನು.”

ಅವಳು ಕಡ್ಡಿಯನ್ನು ಪೂರ್ತಿ ಎಳೆದು ಮೇಜಿನ ಅಡಿಗೆ ಹಿಡಿದು ನೋಡಿದಳು. “ಯಾರೋ ಚ್ಯೂಯಿಂಗ್ ಗಮ್ ಅಂಟಿಸಿದ್ದಾರೆ, ಖಾಲಾ,” ಎಂದು ನಗುತ್ತಾ ವಾಪಸು ಕೊಟ್ಟಳು.

ದುಬೈಯಲ್ಲಿ ನಾಲ್ಕು ಗಂಟೆ ಕಾಯುವುದಿತ್ತು. ಒಂದು ಚಾ ಕುಡಿದು ಕುಳಿತೆ. ಆ ಕನ್ನಡಿಯ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಯಲ್ಲಿ ಒಬ್ಬರಾದರೂ ಓದಲಿ ಎಂದು ರೋಶನ್‌ನನ್ನು ಓದಿಸಿದೆವು. ಅವನು ವಿಮಾನದ ಮೆಕ್ಯಾನಿಕ್ ಆಗಿ ಬಹ್ರೇನಿಗೆ ಬಂದಾಗ ಬುಸೈತೀನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿಯೇ ಇದ್ದ. ದೊಡ್ಡ ಉಪಕರಣಗಳು ಕಂಪನಿಯಲ್ಲಿರುತ್ತಿದ್ದವು. ಒಂದು ಸಣ್ಣ ಚೀಲ ಮಾತ್ರ ಅವನ ಸ್ವಂತದ್ದು, ಮನೆಗೆ ತರುತ್ತಿದ್ದ. ಅದರೊಳಗಿನ ಒಂದೊಂದಕ್ಕೂ ನಂಬರು ಕೊರೆದಿತ್ತು, ಪಟ್ಟಿ ಆಫೀಸಿನಲ್ಲಿತ್ತು. “ಅಕ್ಕ, ಮನೆಯಲ್ಲಿ ಏನು ಬೇಕಾದ್ರೂ ಮುಟ್ಟು, ಈ ಚೀಲ ಮುಟ್ಬೇಡ,” ಎಂದು ಬಂದ ದಿನವೇ ಹೇಳಿದ್ದ.

ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ನನ್ನ ಮಗಳು ಶೆರಲ್‌ಗೆ ಗಂಟಲಲ್ಲಿ ಸಾಫಿ ಮೀನಿನ ಮುಳ್ಳು ಸಿಕ್ಕಿತು. ಅವಳಿಗೆ ಆಗ ನಾಲ್ಕು ವರ್ಷ. ರಾತ್ರಿಯ ಸಾರನ್ನು ಬೆಳಿಗ್ಗೆ ಗಂಜಿಗೆ ಹಾಕಿಕೊಟ್ಟವಳು ನಾನೇ. ಆಸ್ಪತ್ರೆಯಲ್ಲಿ ಡಾಕ್ಟರು ಇಂಥದೇ ಕನ್ನಡಿ ಬಾಯಿಗೆ ಹಾಕಿ ನೋಡುವುದನ್ನು ಕಂಡಿದ್ದೆ. ಅವನ ಚೀಲದಿಂದ ಕನ್ನಡಿ ತೆಗೆದು, ಟಾರ್ಚು ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಕೊನೆಗೆ ಅನ್ನದ ಉಂಡೆ ನುಂಗಿಸಿದಾಗ ಮುಳ್ಳು ಇಳಿಯಿತು. ಮಗುವಿನ ಎಂಜಲಲ್ಲವೇ ಎಂದು ಕನ್ನಡಿಯನ್ನು ತೊಳೆದು ಚಮಚಗಳ ಜೊತೆ ಒಣಗಲು ಇಟ್ಟೆ. ಆ ಗಡಿಬಿಡಿಯಲ್ಲಿ ರೋಶನ್ ತಡವಾಗಿ ಹೊರಟ. ಕೆಲಸ ಶುರು ಮಾಡುವ ಮೊದಲು ಎಣಿಸಬೇಕಿತ್ತು. ಎಣಿಸದೆ ಪಟ್ಟಿಗೆ ಸಹಿ ಹಾಕಿದ.

ಹನ್ನೊಂದು ಗಂಟೆಗೆ ನನಗೆ ಫೋನು ಬಂತು. “ಅಕ್ಕ, ನನ್ನ ಕನ್ನಡಿ ಮನೆಯಲ್ಲಿ ಉಂಟಾ? ನೀನು ಎಲ್ಲಿಯಾದ್ರೂ ನೋಡಿದ್ಯಾ?” ನಾನು ಡ್ಯೂಟಿಯಲ್ಲಿದ್ದೆ, ಎದುರಿಗೆ ಸೂಪರ್‌ವೈಸರ್ ನಿಂತಿದ್ದಳು. ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದೆ. ಬರೀ ಒಂದು ಕನ್ನಡಿ, ಸಂಜೆ ಮೆಲ್ಲನೆ ಚೀಲಕ್ಕೆ ಹಾಕಿದರಾಯಿತು ಎಂದುಕೊಂಡೆ.

“ಇಲ್ಲ, ನಾನು ನೋಡ್ಲಿಲ್ಲ,” ಎಂದೆ.

ಸಂಜೆ ಗೊತ್ತಾಯಿತು. ಕನ್ನಡಿ ಒಳಗೆಲ್ಲೋ ಉಳಿದಿದ್ದರೆ ಅಪಾಯವೆಂದು, ಹೊರಡಲಿದ್ದ ವಿಮಾನದಿಂದ ಜನರನ್ನು ಇಳಿಸಿ ಆರು ಗಂಟೆ ಹುಡುಕಿದ್ದರು. ಸಿಗದ ಕಾರಣ ಮತ್ತೆ ಎಲ್ಲ ತಪಾಸಣೆ ಮಾಡಿ, ದೊಡ್ಡವರು ಸಹಿ ಹಾಕಿ, ವಿಮಾನ ಬಿಟ್ಟಿದ್ದರು. ಆಗಲಾದರೂ ಹೇಳಬಹುದಿತ್ತು. ಪೊಲೀಸರು ಬರುತ್ತಾರೆ, ವೀಸಾ ಹೋಗುತ್ತದೆ ಎಂದು ಹೆದರಿದೆ. ಮರುದಿನ ಅವನನ್ನು ಕೆಲಸದಿಂದ ನಿಲ್ಲಿಸಿದರು. ಮೂರು ತಿಂಗಳಾದ ಮೇಲೆ ಊರಿಗೆ ವಾಪಸು ಹೋದ. ಒಂದೂವರೆ ವರ್ಷ ಖಾಲಿ ಕುಳಿತ ಮೇಲೆ ಇಂಡೋನೇಷ್ಯಾದಲ್ಲಿ ಕೆಲಸ ಸಿಕ್ಕಿತು. ನಾನು ಕನ್ನಡಿಯನ್ನು ಸೀರೆಗಳ ಅಡಿಯಲ್ಲಿ ಇಟ್ಟಿದ್ದೆ.

ಅದನ್ನು ಅವನಿಗೆ ಕೊಡಬೇಕೆಂದು ಹೊರಟಿದ್ದೆನಾದರೂ ನಿಜ ಹೇಳುವ ಧೈರ್ಯ ಇರಲಿಲ್ಲ. ಬುಸೈತೀನ್‌ನಿಂದ ಜಿಂಜ್‌ಗೆ ಮನೆ ಬದಲಿಸುವಾಗ ಫ್ರಿಜ್ಜಿನ ಹಿಂದೆ ಸಿಕ್ಕಿತು ಎನ್ನುವುದೆಂದು ತಯಾರಾಗಿದ್ದೆ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಜಕಾರ್ತಾದಲ್ಲಿ ಇಳಿದೆ. ಗಡಿಯಾರ ನಾಲ್ಕು ಗಂಟೆ ಮುಂದೆ ತಿರುಗಿಸಬೇಕು. ವೀಸಾಕ್ಕೆ ಐದು ಲಕ್ಷ ರುಪಿಯಾ ಎಂದಾಗ ಎಷ್ಟೆಂದು ಇನ್ನೊಮ್ಮೆ ಕೇಳಿದೆ. ಲೆಕ್ಕ ಹಾಕಿದರೆ ಸುಮಾರು ಹನ್ನೆರಡು ದಿನಾರ್. ಹೊರಗೆ ರೋಶನ್ ನಿಂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು.

“ಎಂತ ಅಕ್ಕ, ಅಕ್ಕಿ ಹೊತ್ತುಕೊಂಡು ಬಂದಿಯಾ? ಇಲ್ಲಿ ಮೂರು ಹೊತ್ತೂ ಅನ್ನವೇ ಮಾರಾಯ್ತಿ!”

“ಇದು ಕುಚ್ಚಲು. ಇಲ್ಲಿ ಸಿಗ್ತದಾ?”

“ಸಿಗ್ಲಿಕ್ಕಿಲ್ಲ,” ಎಂದು ಪೆಟ್ಟಿಗೆ ತೆಗೆದುಕೊಂಡ.

ಅವನ ಮನೆ ನಿಲ್ದಾಣದ ಪಕ್ಕದ ತಾಂಗೆರಾಂಗ್‌ನ ಒಂದು ಓಣಿಯಲ್ಲಿತ್ತು. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಇಡೀ ಓಣಿಯೇ ವಿಮಾನದವರದ್ದು. ಮೇಲಿನ ಕೋಣೆಯಲ್ಲಿ ಇಬ್ಬರು ಗಗನಸಖಿಯರು, ಎದುರಿಗೆ ಸಾಮಾನು ಏರಿಸುವವನು, ಮೂಲೆಯಲ್ಲಿ ವಿಮಾನದ ಊಟ ಕಟ್ಟುವ ಹೆಂಗಸರು. ಒಣಗಲು ಹಾಕಿದ ಬಟ್ಟೆಗಳಲ್ಲಿ ಅರ್ಧ ಸಮವಸ್ತ್ರ. ಎರಡು ಮೂರು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹೋಗುತ್ತಿತ್ತು, ಆಗ ಎಲ್ಲರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುತ್ತಿದ್ದರು. ಇಲ್ಲಿ ದ್ವೀಪದಿಂದ ದ್ವೀಪಕ್ಕೆ ಜನ ನಮ್ಮೂರ ಬಸ್ಸಿನ ಹಾಗೆ ವಿಮಾನ ಹತ್ತುತ್ತಾರೆ. ಎಲ್ಲೋ ಜ್ವಾಲಾಮುಖಿ ಬೂದಿ ಉಗುಳಿದರೆ ಈ ಓಣಿಯವರ ಡ್ಯೂಟಿ ಬದಲಾಗುತ್ತದೆ. ಮಧ್ಯಾಹ್ನ ತೆಂಗಿನಹಾಲಿನ ಅನ್ನ, ಹುರಿದ ಸೋಯಾ ತುಂಡು, ಖಾರದ ಚಟ್ನಿ ತಿಂದು ಸಂಜೆವರೆಗೆ ಮಲಗಿದೆ.

ಶನಿವಾರ ಅವನು ತಾನು ಕೆಲಸ ಮಾಡುವ ವಿಮಾನ ರಿಪೇರಿಯ ಹ್ಯಾಂಗರಿಗೆ ಕರೆದುಕೊಂಡು ಹೋದ. ಆ ದಿನ ಮನೆಯವರಿಗೆ ನೋಡಲು ಬಿಡುತ್ತಾರಂತೆ. ತಪಾಸಣೆ ವಿಭಾಗದ ಹಿರಿಯರು, ಇಲ್ಲಿಯವರೇ ಆದ ರತ್ನಾ ಎಂಬವರು ನಮ್ಮ ಜೊತೆ ನಡೆದರು. ಐವತ್ತರ ಆಸುಪಾಸು, ತಲೆಗೆ ವಸ್ತ್ರ, ಕಾಲಿಗೆ ತುದಿಯಲ್ಲಿ ಕಬ್ಬಿಣ ಹಾಕಿದ ಬೂಟು. ಎಲ್ಲರೂ ಅವರನ್ನು ‘ಇಬು’ ಎಂದರೆ ಅಮ್ಮ ಎಂದು ಕರೆಯುತ್ತಿದ್ದರು. ಅವರದ್ದು ಇಂಗ್ಲಿಷ್, ನನಗೆ ರೋಶನ್ ಕನ್ನಡದಲ್ಲಿ ಹೇಳುತ್ತಿದ್ದ. ಗೋಡೆಯ ಹಲಗೆಯಲ್ಲಿ ಒಂದೊಂದು ಉಪಕರಣದ ಆಕಾರವನ್ನೂ ಕಪ್ಪಗೆ ಬರೆದಿದ್ದರು. ಯಾವುದು ಜಾಗದಲ್ಲಿಲ್ಲ ಎಂದು ನನ್ನಂಥವಳಿಗೂ ಕಾಣುತ್ತಿತ್ತು.

ನಾವು ಅಲ್ಲಿರುವಾಗಲೇ ಎಚ್ಚರಿಕೆಯ ಗಂಟೆ ಮೊಳಗಿತು. ರೆಕ್ಕೆಯ ಹತ್ತಿರ ಒಬ್ಬ ಕೈ ಎತ್ತಿ ನಿಂತಿದ್ದ. ಅವನ ಸ್ಕ್ರೂಡ್ರೈವರಿನ ತುದಿ ಕಾಣೆಯಾಗಿತ್ತು. ಎಲ್ಲರೂ ಕೆಲಸ ನಿಲ್ಲಿಸಿ ನೆಲ ನೋಡತೊಡಗಿದರು, ಯಾರೂ ಬೈಯಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಣ್ಣೆ ಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿತು. ರತ್ನಾ ಹೋಗಿ ಆ ಮನುಷ್ಯನ ಬೆನ್ನು ತಟ್ಟಿದರು.

“ಕಳೆದವನಿಗೆ ಶಾಭಾಸಾ?” ಎಂದು ಕೇಳಿದೆ.

ರೋಶನ್ ಅವರ ಉತ್ತರವನ್ನು ಹೇಳಿದ. ಒಂದು ಕಾಲದಲ್ಲಿ ಇಲ್ಲಿಯ ವಿಮಾನಗಳನ್ನು ಸುರಕ್ಷಿತವಲ್ಲವೆಂದು ಯುರೋಪಿನವರು ತಮ್ಮ ಆಕಾಶಕ್ಕೆ ಬಿಡುತ್ತಿರಲಿಲ್ಲವಂತೆ. ಆ ಕಾಲದಲ್ಲಿಯೇ ರತ್ನಾ ಕೆಲಸ ಕಲಿತದ್ದು. “ಹೆದರಿದವ ಮುಚ್ಚಿಡ್ತಾನೆ, ಮುಚ್ಚಿಟ್ಟದ್ದು ವಿಮಾನದ ಜೊತೆ ಹಾರ್ತದೆ. ಅದಕ್ಕೆ ಯಾರು ಅಂತ ಕೇಳೂದಿಲ್ಲ, ಹೇಗೆ ಅಂತ ಕೇಳ್ತೇವೆ, ಅಂತಾರೆ ಇಬು.”

ಮಧ್ಯಾಹ್ನ ಕ್ಯಾಂಟೀನಿನ ಒಂದು ಮೇಜಿನಲ್ಲಿ ನಾವಿಬ್ಬರೇ ಕುಳಿತಿದ್ದೆವು. ರೋಶನ್ ಊಟಕ್ಕೆ ಮೊದಲು ಫೋನು ತೆಗೆದು ಒಂದು ನಕ್ಷೆ ನೋಡಿದ. ನಕ್ಷೆಯಲ್ಲಿ ಸಣ್ಣ ಹಳದಿ ವಿಮಾನ.

“ಎಂತ ಅದು?”

“ನನ್ನ ವಿಮಾನ,” ಎಂದ. “ಬಹ್ರೇನಿನದ್ದು. ಕನ್ನಡಿ ಬಿಟ್ಟದ್ದು.”

ಬಹ್ರೇನಿನ ಕಂಪನಿ ಅದನ್ನು ಒಂದೂವರೆ ವರ್ಷದ ನಂತರ ಇಲ್ಲಿಯವರಿಗೆ ಮಾರಿತ್ತು. ಅದಕ್ಕೇ ಅವನು ಇಲ್ಲಿ ಕೆಲಸ ಹುಡುಕಿದ್ದ. ಬೇರೆ ಕಡೆ ಹೆಚ್ಚು ಸಂಬಳ ಇತ್ತಂತೆ. ಅದು ದೊಡ್ಡ ರಿಪೇರಿಗೆ ಬಂದಾಗ ನೆಲ ಕಿತ್ತು, ಗೋಡೆ ಬಿಚ್ಚಿ ಮೂರು ವಾರ ಕೆಲಸ ನಡೆದಿತ್ತು, ರಜೆಯ ದಿನವೂ ಹೋಗಿ ಸಂದುಸಂದು ನೋಡಿದ್ದ. “ಸಿಗ್ಲಿಲ್ಲ ಅಕ್ಕ. ತಂತಿಗಳ ಹಿಂದೆ ಎಲ್ಲೋ ಇರ್ಬೇಕು. ದಿನಾ ನೋಡ್ತೇನೆ. ರಾತ್ರಿ ಕೊನೆಯ ಸಲ ಇಳಿದ ಮೇಲೆಯೇ ನಿದ್ದೆ ಮಾಡ್ತೇನೆ.”

ಕೈಚೀಲದಿಂದ ಕರವಸ್ತ್ರ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟೆ. “ಮನೆ ಬದಲಿಸುವಾಗ ಫ್ರಿಜ್ಜಿನ ಹಿಂದೆ ಸಿಕ್ಕಿತು,” ಎಂದೆ.

ಅವನು ಹಿಡಿಯ ಮೇಲಿನ ನಂಬರನ್ನು ಓದಿದ, ಹೆಬ್ಬೆರಳಿನಿಂದ ಉಜ್ಜಿ ಮತ್ತೊಮ್ಮೆ ಓದಿದ. ಆಮೇಲೆ ಎಲ್ಲರೆದುರು ಅತ್ತುಬಿಟ್ಟ. ನನ್ನ ಎರಡೂ ಕೈ ಹಿಡಿದು, “ದೇವರು ಒಳ್ಳೇದು ಮಾಡ್ಲಿ ಅಕ್ಕ, ಇದನ್ನು ಕೊಡ್ಲಿಕ್ಕೆ ಇಷ್ಟು ದೂರ ಬಂದ್ಯಲ್ಲ,” ಎಂದ. ಅವನು ಅಂದು ನನಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವನು ಓಡಿಹೋಗಿ ರತ್ನಾರನ್ನು ಕರೆತಂದ. ಅವರಿಗೂ ಕಥೆ ಗೊತ್ತಿತ್ತು. ಕನ್ನಡಿಯನ್ನು ತಿರುಗಿಸಿ ನೋಡಿ ಸಂತೋಷಪಟ್ಟರು, ಮತ್ತೆ ಏನೋ ಕೇಳಿದರು.

“ಅಕ್ಕ, ಇಬು ಕೇಳ್ತಾರೆ, ಅದು ಫ್ರಿಜ್ಜಿನ ಹಿಂದೆ ಹೇಗೆ ಹೋಯ್ತು ಅಂತ. ನನ್ನ ಚೀಲ ಅಡಿಗೆಮನೆಗೆ ಬರ್ತಾನೇ ಇರ್ಲಿಲ್ಲ, ಅಲ್ವಾ?”

“ಹೋಗ್ಲಿಲ್ಲ,” ಎಂದೆ. “ಫ್ರಿಜ್ಜಿನ ಹಿಂದೆ ಇರ್ಲಿಲ್ಲ. ಶೆರಲ್ ಗಂಟಲಲ್ಲಿ ಮುಳ್ಳು ಸಿಕ್ಕಿದ್ದಕ್ಕೆ ನಾನೇ ತೆಗೆದದ್ದು. ನೀನು ಫೋನು ಮಾಡಿದಾಗ ಚಮಚದ ಬುಟ್ಟಿಯಲ್ಲಿತ್ತು. ನನಗೆ ಗೊತ್ತಿತ್ತು ರೋಶನ್. ಗೊತ್ತಿದ್ದೇ ಇಲ್ಲ ಅಂದೆ.”

ರತ್ನಾ ಅವನ ಮುಖ ನೋಡುತ್ತಾ ಕಾದರು. ರೋಶನ್ ಅನುವಾದ ಮಾಡಲಿಲ್ಲ. ಕುರ್ಚಿ ಹಿಂದೆ ಸರಿಸಿ ಕೆಲಸಕ್ಕೆ ಹೋದ.

ಸಂಜೆ ರತ್ನಾರೇ ನನ್ನನ್ನು ಮನೆಗೆ ತಲುಪಿಸಿದರು. ದಾರಿಯಲ್ಲಿ ಮಳೆ. ಇಬ್ಬರಿಗೂ ಮಾತಾಡುವ ಭಾಷೆ ಇರಲಿಲ್ಲ, ಒಂದು ಪೊಟ್ಟಣ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಕೊಡಿಸಿದರು. ರೋಶನ್ ಬಂದವನೇ ಮಲಗಿದ. ಭಾನುವಾರ ನಾನು ಕುಚ್ಚಲಕ್ಕಿ ಗಂಜಿ ಮಾಡಿದೆ. ಅವನು ಉಣ್ಣದೆ ಹೊರಗೆ ಹೋದ. ಮಧ್ಯಾಹ್ನ ಒಂದು ಗೆರೆ ಹಾಕಿದ ಕಾಗದ, ಪೆನ್ನು ತಂದು ನನ್ನೆದುರು ಇಟ್ಟ.

“ಬರಿ. ಆದದ್ದು ಆದ ಹಾಗೆ. ಬಹ್ರೇನಿನ ಕಂಪನಿಯ ಆಫೀಸಿಗೆ ಕೊಡ್ಲಿಕ್ಕುಂಟು. ಅಲ್ಲಿಯ ಫೈಲಿನಲ್ಲಿ ಅದು ಇನ್ನೂ ವಿಮಾನದೊಳಗೆ ಇರಬಹುದು ಅಂತಲೇ ಉಂಟು.”

“ನನಗೆ ಕನ್ನಡ ಮಾತ್ರ ಬರೀಲಿಕ್ಕೆ ಬರೂದು.”

“ಕನ್ನಡದಲ್ಲೇ ಬರಿ.”

ಒಂದು ಪುಟಕ್ಕೆ ಎರಡು ಗಂಟೆ ಬೇಕಾಯಿತು. ಅವನು ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದ. ‘ತಮ್ಮ ಫೋನು ಮಾಡಿ ಕೇಳಿದ, ನಾನು ಇಲ್ಲ ಎಂದೆ’ ಎನ್ನುವ ಸಾಲಿಗೆ ಬಂದಾಗ ಅವನ ಬೆರಳುಗಳು ನಿಂತವು. ಎದ್ದು ನೀರು ಕುಡಿದು ಬಂದು ಅದನ್ನೂ ಟೈಪ್ ಮಾಡಿದ. ತಾನು ಎಣಿಸದೆ ಸಹಿ ಹಾಕಿದ್ದನ್ನೂ ಕೆಳಗೆ ಸೇರಿಸಿದ. ಅದನ್ನು ನಾನು ಬರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಟ್ಟ. ಕನ್ನಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ ನನ್ನ ಕೈಗೆ ಕೊಟ್ಟ. “ಕಾಗದದ ಜೊತೆ ಇದನ್ನೂ ಕೊಡು,” ಎಂದ. ಒಳಗೆ ಹೋಗಿ ತಿರುಗಿ ನೋಡಿದೆ, ಹೊರಟುಹೋಗಿದ್ದ. ವಿಮಾನದಲ್ಲಿ ಊಟ ಬಂದಾಗ ಮುಚ್ಚಳ ಬಿಚ್ಚಲಿಲ್ಲ. ಸಂಜೆ ಬಹ್ರೇನಿನಲ್ಲಿ ಇಳಿದು, ಕಾರಿನಲ್ಲಿ ಫ್ರಾನ್ಸಿಸರಿಗೆ ಎಲ್ಲವನ್ನೂ ಹೇಳಿದೆ. ಸೇತುವೆ ದಾಟಿದ ಮೇಲೆ ಅವರು, “ನಾಳೆ ನಾನೂ ಬರ್ತೇನೆ,” ಎಂದರು. ಬೇಡ ಎಂದೆ.

ಮಂಗಳವಾರ ಬೆಳಿಗ್ಗೆ ಒಬ್ಬಳೇ ಬಸ್ಸು ಹಿಡಿದು ಮುಹರ್ರಕ್‌ಗೆ ಹೋದೆ. ಆಫೀಸಿನಲ್ಲಿದ್ದವರು ವಯಸ್ಸಾದ ಒಬ್ಬ ಬಹ್ರೇನಿ, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಇಂಗ್ಲಿಷಿನ ಕಾಗದವನ್ನು ಎರಡು ಸಲ ಓದಿದರು. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆಗೆದು, ಕನ್ನಡಿಯ ನಂಬರು ನೋಡಿ, ಒಂದು ಪದ ಟೈಪ್ ಮಾಡಿದರು.

“ಏನು ಬರೆದಿರಿ, ಸಾರ್?”

“ಸಿಕ್ಕಿತು ಅಂತ. ಕೇಸು ಮುಗಿಯಿತು, ಬೆಹೆನ್. ಮನೆಗೆ ಹೋಗಿ.”

“ಸಿಕ್ಕಿದ್ದಲ್ಲ ಸಾರ್. ಕಳೆದೇ ಇರಲಿಲ್ಲ. ನನ್ನ ಹತ್ತಿರ ಇತ್ತು, ಕೇಳಿದಾಗ ಇಲ್ಲ ಅಂದೆ. ಹಾಗೇ ಬರೆಯಿರಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಬರೆದದ್ದನ್ನು ಅಳಿಸಿ, ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಟೈಪ್ ಮಾಡಿದರು. ಪ್ರಿಂಟು ತೆಗೆದು ನನ್ನಿಂದ ಸಹಿ ಮಾಡಿಸಿ ಒಂದು ಪ್ರತಿ ಕೊಟ್ಟರು. ಅದರ ಫೋಟೋ ತೆಗೆದು ರೋಶನ್‌ಗೆ ಕಳಿಸಿದೆ. ನೋಡಿದನೆಂಬ ಗುರುತಿನ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ನಾನು ಸೀದಾ ಸಲ್ಮಾನಿಯಾಕ್ಕೆ ಡ್ಯೂಟಿಗೆ ಹೋದೆ.

ಗುರುವಾರ ಮಧ್ಯಾಹ್ನ, ಬಟ್ಟೆ ಮಡಚುತ್ತಿರುವಾಗ, ಅವನ ಒಂದು ಸಾಲು ಬಂತು. ನನ್ನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

“ನಿನ್ನೆ ಆ ವಿಮಾನ ಎಲ್ಲಿ ಇಳಿಯಿತು ಅಂತ ನೋಡ್ಲಿಕ್ಕೆ ಮರೆತೇಹೋಯ್ತು.”