ಹಸಿ ಆರದ ಆಕಾಶ

ದೆವ್ವ ಭೂತಗಳ ಮಾತು ಬಂದರೆ ನಾನು ಎದ್ದು ಚಹಾ ಇಡಲು ಹೋಗುವವಳು. ಅಂಥ ಕತೆ ಹೇಳುವವರೆಲ್ಲ ಕೆಲಸವಿಲ್ಲದವರು, ಇಲ್ಲವೇ ನಿದ್ದೆಗೆಟ್ಟವರು ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ರಾಯಚೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಣ್ಣಿಗೆ ಕಾಣದ್ದನ್ನು ಬರೆಯಬೇಡಿ ಎಂದು ಮಕ್ಕಳನ್ನು ಗದರುವುದೇ ನನ್ನ ಕಸುಬು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ನನಗೆ ಜಲವರ್ಣ ಕಲಿಸಿದ ಗುರುಗಳು ಆಗ ತೀರಿಕೊಂಡಿದ್ದರು. ಅವರ ಮಗ ಶಿವು ಅಪ್ಪನ ಚಿತ್ರಗಳ ಪ್ರದರ್ಶನ ಮಾಡಬೇಕೆಂದು ಊರೂರು ತಿರುಗುತ್ತಿದ್ದ. ದೇವದುರ್ಗದಲ್ಲಿ ಗುರುಗಳ ಗೆಳೆಯರೊಬ್ಬರ ಪಡಸಾಲೆಯಲ್ಲಿ ಅವನಿಗೊಂದು ಚಿತ್ರ ಸಿಕ್ಕಿತು. ಕೃಷ್ಣಾ ನದಿಯ ದಂಡೆ, ಕರಿ ಬಂಡೆಗಳು, ಮೇಲೆ ಸಂಜೆಯ ದೊಡ್ಡ ಆಕಾಶ. ಗುರುಗಳೇ ಕೊಟ್ಟದ್ದಂತೆ. ಗಾಜಿನ ಕಟ್ಟು ಹಾಕಿಸಿ ಗೋಡೆಗೇರಿಸಿದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಆದರೆ ಚಿತ್ರದಲ್ಲಿ ಸಹಿ ಇಲ್ಲ. ನಮ್ಮ ಗುರುಗಳೋ, ಕಿರಾಣಿ ಚೀಟಿಗೂ ಸಹಿ ಹಾಕುವ ಜಾತಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವ ಹಾಗೆ ಶಿವುಗೆ ಮಾತ್ರ ಎಲ್ಲದರಲ್ಲೂ ಅಪ್ಪನ ಕೈಯೇ ಕಾಣುತ್ತಿತ್ತು. "ಅಕ್ಕಾ, ನೀ ಒಂದ್ ಸಲ ಹೂಂ ಅಂದ್ರ ಸಾಕು, ಅಪ್ಪನ ಹೆಸರು ಹಾಕಿಬಿಡ್ತೀನಿ" ಎಂದು ಚಿತ್ರವನ್ನು ನಮ್ಮ ಮನೆಗೆ ತಂದಿಟ್ಟ.

ಆ ಆಕಾಶ ನೋಡಿದ್ದೇ ನನಗೆ ನಸೀಮಾಳ ನೆನಪಾಯಿತು. ಮಾನ್ವಿಯ ಹುಡುಗಿ, ಗುರುಗಳ ಹತ್ತಿರ ನನ್ನ ಜೊತೆ ಕಲಿಯುತ್ತಿದ್ದಳು, ನನಗಿಂತ ಚಿಕ್ಕವಳು. ನಮ್ಮೂರ ಬಿಸಿಲಲ್ಲಿ ಆಕಾಶಕ್ಕೆ ಬಣ್ಣ ಬಳಿಯುವುದೆಂದರೆ ಓಟದ ಪಂದ್ಯ; ಕುಂಚ ಆ ಅಂಚು ಮುಟ್ಟುವುದರೊಳಗೆ ಈ ಅಂಚು ಒಣಗಿರುತ್ತದೆ. ನಸೀಮಾ ಅದಕ್ಕೆ ತನ್ನದೇ ಉಪಾಯ ಮಾಡಿಕೊಂಡಿದ್ದಳು. ಅವಳಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ಗಿರಣಿಯ ಗೋಣಿಚೀಲವನ್ನು ನೀರಲ್ಲಿ ಅದ್ದಿ ಹಲಗೆಯ ಮೇಲೆ ಹಾಸಿ, ಅದರ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದಳು. ಕಾಗದ ಎಷ್ಟೋ ಹೊತ್ತು ಹಸಿಯಾಗಿಯೇ ಇರುತ್ತಿತ್ತು. "ಏನವಾ, ಚಿತ್ರ ಬರಿಯಾಕ ಬಂದಿಯೋ, ಅಕ್ಕಿ ಅಳಿಯಾಕ ಬಂದಿಯೋ?" ಎಂದು ಗುರುಗಳು ಕಾಡಿಸುತ್ತಿದ್ದರು. ಬೇರೆ ಯಾರೂ ಹಾಗೆ ಬರೆಯುತ್ತಿರಲಿಲ್ಲ.

ಹತ್ತೊಂಬತ್ತಕ್ಕೇ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಒಂದು ಮಳೆಗಾಲ ಅವರ ಮನೆ ಸೋರಿ, ಟ್ರಂಕಿನಲ್ಲಿದ್ದ ಅವಳ ಚಿತ್ರಗಳೆಲ್ಲ ನೀರು ಕುಡಿದು ಮುದ್ದೆಯಾದವು. ಅವಳ ತಾಯಿ ಎಲ್ಲಿ ಸಿಕ್ಕರೂ ನನ್ನನ್ನು ಒಂದೇ ಮಾತು ಕೇಳುತ್ತಿದ್ದರು: "ನಮ್ಮ ನಸೀಮಾ ಬರೆದ ಚಿತ್ರ ಒಂದಾರ ಎಲ್ಲ್ಯಾರ ಉಳದದೇನ್ ಬೇಟಾ?"

ಕಾಗದದ ಹಿಂಬದಿ ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡೆ. ಮಟಮಟ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಶಿವು ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂದಿನ ಅಂಟುಪಟ್ಟಿ ಕೊಯ್ದು, ಮೊಳೆ ಕಿತ್ತು ರಟ್ಟು ತೆಗೆದೆ. ಕಾಗದದ ಬೆನ್ನ ತುಂಬ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು. ನಸೀಮಾಳದೇ! ಶಿವುವನ್ನು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಕೈಗೆ ಕಾಗದ ತಣ್ಣಗೆ ತಾಗಿತು. ನೆನೆದ ಗೋಣಿಯ ವಾಸನೆ ಮೂಗಿಗೆ ಬಡಿಯಿತು.

ಎತ್ತಿ ತಿರುಗಿಸಿದೆ. ಆಕಾಶ ಒದ್ದೆಯಾಗಿ ಹೊಳೆಯುತ್ತಿತ್ತು. ಒಂದು ಕಡೆಯಿಂದ ಬಣ್ಣ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಅಭ್ಯಾಸಬಲ ನೋಡಿ, ಅದನ್ನು ತಡೆಯಲು ಹೆಬ್ಬೆರಳು ಒತ್ತಿದೆ. ಬೆರಳಿಗೆ ನೀಲಿ ಹತ್ತಿತು.

ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಶಿವು ಓಡಿ ಬರುವಷ್ಟರಲ್ಲಿ ಕಾಗದ ಒಣಗಿ ಹಪ್ಪಳದಂತಾಗಿತ್ತು. ಆಕಾಶದ ನಡುವೆ ಹೆಬ್ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು.

"ಇದು ಮೊದ್ಲು ಇರಲಿಲ್ಲಲ್ಲ ಅಕ್ಕಾ!"

ನಾನು ಬೆರಳು ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. ಕಾಗದದ ಬೆನ್ನಿನ ಗೋಣಿಯ ಗುರುತು ತೋರಿಸಿ ಇದು ನಸೀಮಾಳದು ಎಂದಾಗ, "ಅಪ್ಪಂದಲ್ಲ ಬಿಡು. ಆಕಿ ಹೆಸರೇ ಹಾಕೋಣ. ಪ್ರದರ್ಶನ ಮುಗದ ಮ್ಯಾಲ ಆಕಿ ಅವ್ವಗ ಕೊಟ್ಟುಬಿಡೋಣ" ಎಂದ.

ನನ್ನ ಕೈ ಬೆವರಿರಬೇಕು ಎಂದುಕೊಂಡು ನೋಡಿದೆ. ಬೆವರಿಗೆ ಬಣ್ಣ ಹಾಗೆ ಹರಿಯುವುದಿಲ್ಲ. ಗೋಡೆಯ ತೇವ ಎಂದುಕೊಂಡೆ. ರಟ್ಟು ಒಣಗಿ ಪುಡಿಯಾಗುತ್ತಿತ್ತು, ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ. ತಲೆ ಕೆಟ್ಟಿತ್ತು ಎನ್ನೋಣವೆಂದರೆ ಗುರುತು ಕಣ್ಣೆದುರಿಗೇ ಇದೆ. ಇಂದಿಗೂ ನನಗೆ ಅದು ಹೇಗಾಯಿತೆಂದು ತಿಳಿದಿಲ್ಲ.

ಮರುದಿನವೇ ಚಿತ್ರ ತೋರಿಸಲು ಮಾನ್ವಿಗೆ ಹೋದೆವು. ನಸೀಮಾಳ ತಾಯಿ ಬಂಡೆ, ನದಿ ಒಂದನ್ನೂ ಸರಿಯಾಗಿ ನೋಡಲಿಲ್ಲ. ಕಾಗದ ತಿರುವಿ ಹಾಕಿ, ಗೋಣಿಯ ಗುರುತಿನ ಮೇಲೆ ಅಂಗೈ ಆಡಿಸುತ್ತ ಅತ್ತರು. ಮತ್ತೆ ಮುಂಬದಿಗೆ ಹೊರಳಿಸಿ ಬೆರಳ ಗುರುತು ಮುಟ್ಟಿ, "ಇದು ಆಕಿದೇನು?" ಎಂದರು.

ಹೌದೆಂದರೆ ಎಷ್ಟು ಸುಖಪಡುತ್ತಿದ್ದರೋ. ಆದರೆ ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಇಲ್ಲಮ್ಮಾ, ನನ್ನ ಬೆರಳು. ನಾ ಮುಟ್ಟಿದಾಗ ಬಣ್ಣ ಇನ್ನಾ ಹಸಿ ಇತ್ತು" ಎಂದೆ. ಹೆದರುತ್ತಾರೆ, ಇಲ್ಲವೇ ನನಗೆ ಬೈಯುತ್ತಾರೆ ಎಂದು ಕಾದೆ.

ಅವರು ಅಳು ನಿಲ್ಲಿಸಿ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಹಸಿ ಇತ್ತಾ? ಹಂಗಂದ್ರ ಆಕಿ ಆಗಷ್ಟೇ ಎದ್ದು ಹೋಗ್ಯಾಳ! ಯಾ ಕಡಿ ಹೋದ್ಲು ಬೇಟಾ? ಹೊರಗ ಹೋಗಿ ನೋಡಲಿಲ್ಲೇನು? ಹೆಸರು ಹಿಡದು ಒಂದ್ಸಲ ಕರೀಲಿಲ್ಲೇನು?"

ನಾನು ಬಾಗಿಲ ಕಡೆ ತಿರುಗಿ ಕೂಡ ನೋಡಿರಲಿಲ್ಲ.