ಸ್ಟಾಪಿನಿಂದ ಐವತ್ತು ಹೆಜ್ಜೆ

ನನ್ನ ಎಡಗಾಲು ಬಲಗಾಲಿಗಿಂತ ಎರಡು ಇಂಚು ಗಿಡ್ಡ. ಮೂರು ವರ್ಷದವನಿದ್ದಾಗ ಬಂದ ಜ್ವರ ಕಾಲಿನ ಕಸುವನ್ನು ತೆಗೆದುಕೊಂಡು ಹೋಯಿತು ಎಂದು ನಮ್ಮ ತಾಯಿ ಹೇಳುತ್ತಿದ್ದರು. ತುಮಕೂರಿನ ಮಾರ್ಕೆಟ್ಟಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಮುದುಕರೊಬ್ಬರು ಎಡಗಾಲಿಗೆ ದಪ್ಪ ಅಟ್ಟೆಯ ಬೂಟು ಮಾಡಿಕೊಡುತ್ತಿದ್ದರು. ಅದನ್ನು ಹಾಕಿಕೊಂಡರೆ ಸಮ ನೆಲದ ಮೇಲೆ ಎಷ್ಟು ದೂರ ಬೇಕಾದರೂ ನಡೆಯಬಲ್ಲೆ. ಓಡಲಾರೆ.

ಓಡಬೇಕಾದ ಕೆಲಸವೇನೂ ನನಗೆ ಸಿಕ್ಕಿರಲಿಲ್ಲ. ನಮ್ಮ ತಂದೆಯ ಟೈಲರ್ ಅಂಗಡಿ ಬಿಟ್ಟು, ಪರೀಕ್ಷೆ ಕಟ್ಟಿ, ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಯಾವ ಕಚೇರಿ ಎಂಬುದು ಬೇಡ. ಜನ ವರಮಾನದ ಸರ್ಟಿಫಿಕೇಟಿಗೆಂದು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುವ ಕಚೇರಿ ಎಂದರೆ ಸಾಕು. ಮನೆ ತುಮಕೂರಿನಲ್ಲಿ, ಗುಬ್ಬಿ ಗೇಟಿನ ಹಿಂದಿನ ಗಲ್ಲಿಯಲ್ಲಿ. ರೈಲಿನ ಟೈಮು ಕಚೇರಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಒಂಬತ್ತರ ಪ್ರೈವೇಟ್ ಬಸ್ಸೇ ಗತಿ.

ಆ ಬಸ್ಸಿನ ಡ್ರೈವರು ಯಾವತ್ತೂ ಸ್ಟಾಪಿನಲ್ಲಿ ನಿಲ್ಲಿಸಿದವನಲ್ಲ. ಟೀ ಅಂಗಡಿಯ ಮುಂದೆ ನಾವು ಹತ್ತು ಹದಿನೈದು ಜನ ನಿಂತಿರುತ್ತಿದ್ದೆವು. ಬಸ್ಸು ನಮ್ಮ ಮುಖಕ್ಕೆ ಧೂಳು ಹಾರಿಸಿಕೊಂಡು ಮುಂದೆ ಹೋಗಿ, ಐವತ್ತು ಹೆಜ್ಜೆಯಾಚೆ ಬ್ರೇಕ್ ಹಾಕುತ್ತಿತ್ತು. ಎಲ್ಲರೂ ಓಡುತ್ತಿದ್ದರು. ಹೆಂಗಸರು ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಮಗು ಹಿಡಿದುಕೊಂಡು ಓಡುತ್ತಿದ್ದರು. ನಾನು ಕೊನೆಯಲ್ಲಿ ಕುಪ್ಪಳಿಸಿಕೊಂಡು ಹೋಗಿ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಬಸ್ಸು ಅಲುಗಾಡುತ್ತಿರುತ್ತಿತ್ತು. ಒಳಗೆ ಸೀಟು ಇದ್ದರೂ ಇರುತ್ತಿರಲಿಲ್ಲ. ಖಾಲಿ ಸೀಟಿನ ಮೇಲೆ ಒಂದು ಟವೆಲ್ ಬಿದ್ದಿರುತ್ತಿತ್ತು. ಯಾರದು ಎಂದು ಕೇಳಿದರೆ ಪಕ್ಕದವನು ಕಿಟಕಿಯ ಹೊರಗೆ ನೋಡುತ್ತಾ, "ಬತ್ತಾರೆ, ಬತ್ತಾರೆ" ಅನ್ನುತ್ತಿದ್ದ. ಗುಬ್ಬಿ ಬಂದರೂ ಆ ಟವೆಲ್ಲಿನ ಧಣಿ ಬರುತ್ತಿರಲಿಲ್ಲ. ಒಂದು ಟವೆಲ್ಲು ಕೂತು ಪ್ರಯಾಣ ಮಾಡುತ್ತಿತ್ತು, ನಾನು ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಿದ್ದೆ.

ಒಂದು ದಿನ ಕಂಡಕ್ಟರಿಗೆ ಹೇಳಿದೆ. ಅವನು ಚೀಟಿ ಹರಿಯುತ್ತಲೇ, "ಡ್ರೈವರ್‌ಗೆ ಯೋಳಿ ಸಾಬ್ರೇ. ಬ್ರೇಕು ನನ್ ಕಾಲಡಿ ಐತಾ?" ಅಂದ.

ಅದೇ ಬಸ್ಸಿನಲ್ಲಿ ಗುಬ್ಬಿಗೆ ಬರುತ್ತಿದ್ದ ಒಬ್ಬರು ಮೇಷ್ಟರು ನನಗೆ ಪರಿಚಯ. ಅವರು ಬಸ್ ಸ್ಟಾಂಡಿನಲ್ಲೇ ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟಿರುತ್ತಿದ್ದರು. ಅವರು ಒಂದು ಉಪಾಯ ಹೇಳಿದರು.

"ಅವನು ಎಲ್ಲಿ ನಿಲ್ಲಿಸ್ತಾನೆ ಅಂತ ಗೊತ್ತಲ್ಲ ಸಾಬ್ರೇ, ನೀವು ಮೊದಲೇ ಹೋಗಿ ಅಲ್ಲೇ ನಿಂತ್ಕೊಂಬಿಡಿ."

ಮರುದಿನ ಹಾಗೇ ಮಾಡಿದೆ. ಐವತ್ತು ಹೆಜ್ಜೆ ಮುಂದೆ, ಸೈಕಲ್ ಶಾಪಿನ ಹತ್ತಿರ ಒಬ್ಬನೇ ನಿಂತೆ. ಆವತ್ತು ಬಸ್ಸು ಟೀ ಅಂಗಡಿಯ ಮುಂದೆ, ಸರಿಯಾಗಿ ಸ್ಟಾಪಿನಲ್ಲೇ ನಿಂತಿತು. ನಾನು ಹಿಂದಕ್ಕೆ ಕುಪ್ಪಳಿಸಿಕೊಂಡು ಹೊರಟೆ. ಬಸ್ಸು ನನ್ನ ಎದುರಿಗೇ ಬಂದು, ಪಕ್ಕದಲ್ಲೇ ಹಾದು ಹೋಯಿತು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಒಂದು ಮಳೆಯ ದಿನದ್ದು. ಬೆಳಗಿನಿಂದ ಮಳೆ ನಿಂತಿರಲಿಲ್ಲ. ಸ್ಟಾಪಿನಲ್ಲಿ ನಾನೊಬ್ಬನೇ ಇದ್ದೆ. ಬಸ್ಸು ಎಂದಿನಂತೆ ಮುಂದೆ ಹೋಗಿ ನಿಂತಿತು. ಕೊಡೆ ಮಡಚಿ ಹೊರಟೆ. ಹಿಂಬಾಗಿಲ ಕಂಬಿಗೆ ಇನ್ನೇನು ಕೈ ಹಾಕಬೇಕು, ಬಸ್ಸು ಮುಂದಕ್ಕೆ ಸರಿಯಿತು. ಹತ್ತು ಮಾರು ಹೋಗಿ ನಿಂತಿತು. ಗೇರಿನದೇನೋ ತೊಂದರೆ ಇರಬೇಕು ಎಂದುಕೊಂಡು ಮತ್ತೆ ಹೋದೆ. ಮತ್ತೆ ಕೈ ಹಾಕುವ ಹೊತ್ತಿಗೆ ಮತ್ತೆ ಸರಿಯಿತು. ಆಗ ಒಳಗಿನಿಂದ ನಗು ಕೇಳಿಸಿತು. ಡ್ರೈವರನ ಪಕ್ಕದ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಹಲ್ಲು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

ಅಲ್ಲಿಗೆ ನಿಂತುಬಿಡಬೇಕಿತ್ತು. ನಿಲ್ಲಲಿಲ್ಲ. ಆವತ್ತು ತಡವಾದರೆ ಹಾಜರಿ ಪುಸ್ತಕ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಮೂರನೇ ಸಲ ನಾನು ಓಡಿದೆ. ನಿಜವಾಗಿ ಓಡಿದೆ, ಹೇಗೆ ಓಡಿದೆನೋ ಗೊತ್ತಿಲ್ಲ. ದಪ್ಪ ಅಟ್ಟೆಯ ಬೂಟು ಕೆಸರಿನಲ್ಲಿ ಕಚ್ಚಿಕೊಂಡು ಕಾಲಿನಿಂದ ಕಳಚಿತು, ನಾನು ಅಂಗೈ ಊರಿ ಬಿದ್ದೆ. ತಲೆಯೆತ್ತಿದಾಗ ಕಿಟಕಿಗಳ ತುಂಬ ಮುಖಗಳಿದ್ದವು. ಮೇಷ್ಟರೂ ಇದ್ದರು. ನಗಬಾರದೆಂದು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಗುತ್ತಿದ್ದರು. ಕಂಡಕ್ಟರು ಬಾಗಿಲಲ್ಲಿ ನಿಂತು ಎರಡು ಸಲ ಸೀಟಿ ಊದಿದ. ಬಸ್ಸು ಹೊರಟುಹೋಯಿತು.

ಮಾಲೀಕನಿಗೆ ಒಂದು ಅರ್ಜಿ ಬರೆದೆ. ಸಹಿ ಹಾಕಿ ಎಂದು ದಿನಾ ಜೊತೆಗೆ ಓಡುವವರನ್ನೇ ಕೇಳಿದೆ. ಒಬ್ಬರೂ ಹಾಕಲಿಲ್ಲ. "ನಾಳೆ ಅಲ್ಲೂ ನಿಲ್ಲಿಸದೆ ಹೋದ್ರೆ ಏನ್ ಮಾಡಾದು?" ಅಂದರು. ಮೇಷ್ಟರು ಅರ್ಜಿಯನ್ನು ಪೂರ್ತಿ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಸಹಿ ಹಾಕದೆ ವಾಪಸ್ಸು ಕೊಟ್ಟರು.

ಮುಂದಿನ ವರ್ಷ ಜೂನ್ ತಿಂಗಳಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಖಾಕಿ ಅಂಗಿಯ ಒಬ್ಬ ಮನುಷ್ಯ ನನ್ನ ಮೇಜಿನ ಮುಂದೆ ಬಂದು ಕೈ ಮುಗಿದ. ಕನ್ನಡಿಯಲ್ಲಿ ಕಂಡಿದ್ದ ಮುಖ ಅದು. ಹತ್ತಿರದಿಂದ ಹೆಚ್ಚು ವಯಸ್ಸಾದಂತೆ ಕಂಡಿತು.

"ನಮಸ್ಕಾರ ಸ್ವಾಮಿ. ಮಗಳು ಎಸ್ಸೆಸ್ಸೆಲ್ಸೀಲಿ ಫಸ್ಟ್ ಕ್ಲಾಸ್ ಬಂದವ್ಳೆ. ತುಮ್ಕೂರಲ್ಲಿ ಕಾಲೇಜ್ ಸೇರುಸ್ತಾ ಇದೀನಿ. ಹಾಸ್ಟೆಲ್ಲಿಗೆ ವರಮಾನದ ಸರ್ಟಿಫಿಕೇಟ್ ಬೇಕಂತೆ."

ಅವನಿಗೆ ನನ್ನ ಗುರುತು ಹತ್ತಲಿಲ್ಲ. ನನ್ನ ಕಾಲು ಮೇಜಿನ ಕೆಳಗಿತ್ತು. ಅರ್ಜಿ ನೋಡಿದೆ. ಎಲ್ಲ ಸರಿಯಾಗಿತ್ತು, ಯಾವ ಕಾಗದವೂ ಬಾಕಿ ಇರಲಿಲ್ಲ.

"ನಾಳಿದ್ದು ಬನ್ನಿ" ಅಂದೆ.

ನಾಳಿದ್ದು ಬಂದ. ಸಾಹೇಬರು ಕ್ಯಾಂಪು ಅಂದೆ. ಮತ್ತೆ ಬಂದ. ರೇಷನ್ ಕಾರ್ಡಿನ ನಕಲು ಮಸುಕಾಗಿದೆ, ಇನ್ನೊಂದು ಮಾಡಿಸಿ ಅಂದೆ. ಮಾಡಿಸಿಕೊಂಡು ಬಂದ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಸ್ಸು ಗುಬ್ಬಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಆ ಹತ್ತು ನಿಮಿಷದಲ್ಲಿ ಅವನು ಸ್ಟಾಂಡಿನಿಂದ ಕಚೇರಿಗೆ ಓಡಿ ಬಂದು, ನನ್ನ ಮಾತು ಕೇಳಿಸಿಕೊಂಡು, ಮತ್ತೆ ಓಡಬೇಕಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೊಟ್ಟೆ ಬಂದಿದ್ದ ಮನುಷ್ಯ, ಓಡುವಾಗ ಹೆಗಲಿನ ಟವೆಲ್ಲನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ನೋಡಿ ನನಗೆ ಸಂತೋಷವಾಗುತ್ತಿತ್ತು. ಇಷ್ಟು ವರ್ಷದ ಮೇಲೆ ಸುಳ್ಳು ಬರೆದು ಏನು ಪ್ರಯೋಜನ? ತುಂಬ ಸಂತೋಷವಾಗುತ್ತಿತ್ತು.

ಸರ್ಟಿಫಿಕೇಟಿಗೆ ಮೊದಲ ವಾರವೇ ಸಾಹೇಬರ ಸಹಿ ಬಿದ್ದಿತ್ತು, ಸೀಲೂ ಬಿದ್ದಿತ್ತು. ಅದು ನನ್ನ ಡ್ರಾಯರಿನಲ್ಲಿತ್ತು.

ಒಂದು ದಿನ ಅವನು ಒಂದು ಗೊನೆ ಎಳನೀರು ಹೊತ್ತು ತಂದ. "ನಮ್ಮಲ್ಲಿ ಇದೆಲ್ಲ ನಡೆಯಲ್ಲ, ತಗೊಂಡು ಹೋಗಿ" ಎಂದು ಎಲ್ಲರಿಗೂ ಕೇಳುವಂತೆ ಗದರಿಸಿದೆ. ಪಕ್ಕದ ಮೇಜಿನವರು ಮೆಚ್ಚುಗೆಯಿಂದ ನೋಡಿದರು. ಲಂಚ ಮುಟ್ಟದವನೆಂಬ ಹೆಸರು ಬೇರೆ ಬಂತು ನನಗೆ.

ಕೊನೆಗೊಂದು ಮಧ್ಯಾಹ್ನ ಅವನು ಬಾಗಿಲಿನಿಂದಲೇ ಮಾತು ಶುರು ಮಾಡಿಕೊಂಡು ಬಂದ. "ಸ್ವಾಮಿ, ಇವತ್ತೇ ಕಡೇ ದಿನವಂತೆ. ಐದು ಗಂಟೆ ಒಳಗೆ ತುಮ್ಕೂರಲ್ಲಿ ಕೊಡ್ಬೇಕು. ಎದುರು ಬಸ್ ಡ್ರೈವರ್ ಕೈಲಿ ಕೊಟ್ಟು ಕಳುಸ್ತೀನಿ, ಅಲ್ಲಿ ನನ್ ಮಗಳು ಕಾಯ್ತಾ ನಿಂತವ್ಳೆ."

"ನೋಡ್ತೀನಿ ಇರಿ" ಅಂದು ಎದ್ದೆ. ಒಳಗಿನ ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಬರಿಗೈಯಲ್ಲಿ ಬರುವುದು ನನ್ನ ಲೆಕ್ಕಾಚಾರ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಅವನ ದನಿ ಕೇಳಿಸಿತು.

"ಅರೆ! ಗುಬ್ಬಿ ಗೇಟ್ ಸಾಬ್ರು ಅಲ್ವಾ ನೀವು?"

ತಿರುಗಿ ನೋಡಿದೆ. ಅವನ ಮುಖ ಅರಳಿತ್ತು. ದೂರದ ಊರಿನಲ್ಲಿ ನೆಂಟರನ್ನು ಕಂಡವನ ಹಾಗೆ.

"ದಿನಾ ಕನ್ನಡೀಲಿ ನೋಡ್ತೀನಲ್ಲ, ನಡಿಗೆ ನೋಡ್ತಿದ್ದಂಗೆ ಗೊತ್ತಾಯ್ತು. ನಮ್ ಬಸ್ಸಿನೋರೇ! ಮೊದ್ಲೇ ಯೋಳ್ಬಾರ್ದಾ ಸಾಬ್ರೇ?"

ವಾಪಸ್ಸು ಬಂದು ಕುರ್ಚಿಯಲ್ಲಿ ಕೂತು ಕೇಳಿದೆ, "ಹೋದ ವರ್ಷ ಮಳೇಲಿ ನನ್ನ ಮೂರು ಸಲ ಓಡಿಸಿದ್ದು ನೆನಪಿದೆಯಾ? ನಾನು ಬಿದ್ದೆ. ಎಲ್ರೂ ನಕ್ಕರು."

ಅವನು ನಿಜಕ್ಕೂ ಯೋಚಿಸಿದ. ಹುಬ್ಬು ಗಂಟಿಕ್ಕಿ, ತಲೆ ಕೆರೆದುಕೊಂಡು ಯೋಚಿಸಿದ.

"ಯಾವಾಗ ಸಾಬ್ರೇ? ಗ್ಯಾಪ್ಕ ಇಲ್ಲ. ಓಡ್ಸಿರ್ತೀನಿ ಬುಡಿ. ಬೆಳಗಿನಿಂದ ಸಾಯಂಕಾಲದ ಗಂಟ ಅದೇ ರೋಡು, ಬೇಜಾರು. ತಮಾಷೆಗೆ ಎಲ್ರುನ್ನೂ ಓಡುಸ್ತೀವಿ. ನಿಮ್ಗೇ ಅಂತ ಮಾಡಿದ್ದಲ್ಲ."

ವರ್ಷವಿಡೀ ನಾನು ಆ ಮಳೆಯ ಬೆಳಗನ್ನು ತಲೆಯಲ್ಲಿ ಇಟ್ಟುಕೊಂಡಿದ್ದೆ. ಊಟ ಮಾಡುವಾಗ ನೆನಪಾಗಿ ತುತ್ತು ಒಳಗಿಳಿಯದೆ ಕೂತದ್ದಿದೆ. ಅವನಿಗೆ ಅದು ಅದೇ ದಿನ ಮಧ್ಯಾಹ್ನದೊಳಗೆ ಮರೆತುಹೋಗಿತ್ತು. ಅವನು ನನ್ನನ್ನು ದ್ವೇಷಿಸಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ.

ಡ್ರಾಯರಿನ ಹಿಡಿಯ ಮೇಲೆ ನನ್ನ ಕೈ ಇತ್ತು. ಎಳೆದರೆ ಕಾಗದ ಮೇಲೆಯೇ ಇತ್ತು.

"ಸೀಲು ಬಿದ್ದಿಲ್ಲ. ನಾಳೆ ಬನ್ನಿ" ಅಂದೆ.

ಅವನು ನಂಬಿದ. ಪರಿಚಯದವರು ಹೇಳಿದ ಮೇಲೆ ಇನ್ನೇನು ಎನ್ನುವಂತೆ ನಂಬಿದ. "ನೀವಿದೀರಲ್ಲ, ಆಯ್ತು ಬುಡಿ. ಒಂದ್ ದಿನ ಲೇಟಾದ್ರೆ ತಗೊಳಲ್ವಾ ಅವ್ರು?" ಎಂದು ಕೈ ಮುಗಿದು ಓಡಿದ. ಸ್ಟಾಂಡಿನಲ್ಲಿ ಕಂಡಕ್ಟರು ಹಾರನ್ ಒತ್ತುತ್ತಿದ್ದದ್ದು ನನ್ನ ಮೇಜಿಗೆ ಕೇಳುತ್ತಿತ್ತು.

ಮರುದಿನ ಕೊಟ್ಟೆ. ಹಾಸ್ಟೆಲಿನವರು ತೆಗೆದುಕೊಳ್ಳಲಿಲ್ಲ, ಪಟ್ಟಿ ಮುಗಿದಿತ್ತು.

ಆಮೇಲೆ ಶುರುವಾದದ್ದು ನನಗೆ ಓಟಕ್ಕಿಂತ ಕಷ್ಟವಾಯಿತು. ಬಸ್ಸು ಗುಬ್ಬಿ ಗೇಟಿನಲ್ಲಿ ಸರಿಯಾಗಿ ನನ್ನ ಮುಂದೆಯೇ ನಿಲ್ಲತೊಡಗಿತು. ಬಾಗಿಲು ನನ್ನ ಮೂಗಿನ ನೇರಕ್ಕೆ ಬರುತ್ತಿತ್ತು. ಡ್ರೈವರು ಕತ್ತು ಹೊರಗೆ ಹಾಕಿ, "ನಮ್ ಸಾಬ್ರು ಅವ್ರೆ, ಕಾಲು ಸರಿಯಿಲ್ಲ, ಮೊದ್ಲು ಅವ್ರುನ್ನ ಹತ್ತುಸ್ಕಳಿ" ಎಂದು ಇಡೀ ರಸ್ತೆಗೆ ಕೇಳುವಂತೆ ಕೂಗುತ್ತಿದ್ದ. ಕಂಡಕ್ಟರು ಯಾರದೋ ಟವೆಲ್ಲನ್ನು ಎತ್ತಿ ಅವರ ಮಡಿಲಿಗೇ ಎಸೆದು ನನಗೆ ಸೀಟು ಮಾಡಿಕೊಡುತ್ತಿದ್ದ. ಎಲ್ಲರೂ ಮೊದಲು ನನ್ನ ಬೂಟನ್ನು, ಆಮೇಲೆ ಮುಖವನ್ನು ನೋಡುತ್ತಿದ್ದರು. ಮೇಷ್ಟರು, "ಪರವಾಗಿಲ್ವೇ, ಏನು ಮಂತ್ರ ಹಾಕಿದ್ರಿ?" ಎಂದು ಕೇಳಿದರು. ನಾನು ಅವರೊಂದಿಗೆ ಮತ್ತೆ ಮಾತಾಡಲಿಲ್ಲ.

ಡ್ರೈವರು ಮಾತ್ರ ತನ್ನ ಹಿಂದಿನ ಸೀಟಿನಲ್ಲಿ ನಾನು ಕೂತರೆ ಬಿಡದೆ ಸುದ್ದಿ ಹೇಳುತ್ತಿದ್ದ. ಹಾಸ್ಟೆಲು ಸಿಗದಿದ್ದರೇನಂತೆ, ಮಗಳನ್ನು ತಾನೇ ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಕರೆತರುತ್ತೇನೆ ಅಂದ. ಕಾಲೇಜು ಬಾಗಿಲು ತೆಗೆಯುವವರೆಗೆ ಅವಳು ಬಸ್ ಸ್ಟಾಂಡಿನ ಬೆಂಚಿನ ಮೇಲೆ ಕೂತು ಓದಿಕೊಳ್ಳುತ್ತಾಳಂತೆ. "ಒಂದೇ ಬೇಜಾರು ಸಾಬ್ರೇ, ಅಲ್ಲಿ ಪೋಲಿಗಳ ಕಾಟ. ಹೆಣ್ಮಗಳು ಒಂಟಿಯಾಗ್ ಕೂತವ್ಳೆ ಅಂದ್ರೆ ಸುತ್ತಾಡ್ತಾರೆ. ಮರ್ಯಾದೆ ಅನ್ನಾದು ಗೊತ್ತಿಲ್ಲ ಜನಕ್ಕೆ." ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡನೇ ವರ್ಷಕ್ಕೆ ಅವಳು ಹೋಗಲಿಲ್ಲ. ಅಮೃತೂರಿನ ಕಡೆಯ ಗಂಡು ಸಿಕ್ಕಿತು, ಮದುವೆ ಎಂದು ಅವನು ಕಚೇರಿಗೇ ಬಂದು ಲಗ್ನಪತ್ರಿಕೆ ಕೊಟ್ಟ. ಹಾಸ್ಟೆಲು ಸಿಕ್ಕಿದ್ದರೂ ಹೀಗೇ ಆಗುತ್ತಿತ್ತೇನೋ, ಯಾರಿಗೆ ಗೊತ್ತು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮದುವೆಗೆ ನಾನು ಹೋಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಾನೇ ಬರೆದು ಕೇಳಿಕೊಂಡು ಕುಣಿಗಲ್ಲಿಗೆ ವರ್ಗ ಮಾಡಿಸಿಕೊಂಡೆ. ಕಚೇರಿಯ ಹತ್ತಿರವೇ ಮನೆ ಹಿಡಿದೆ, ಬಸ್ಸಿನ ಸಹವಾಸ ತಪ್ಪಿತು. ಮಂಗಳೂರಿನ ಕಡೆಗೆ ಹೋಗುವ ಲಾರಿಗಳು ನಮ್ಮ ಮನೆಯ ಮುಂದೆಯೇ ಹಾರನ್ ಬಾರಿಸುತ್ತಿದ್ದವು. ರಸ್ತೆ ದಾಟಲು ಕಾಲು ಗಂಟೆ ನಿಲ್ಲಬೇಕಿತ್ತು, ಯಾರೂ ನಿಧಾನ ಮಾಡುತ್ತಿರಲಿಲ್ಲ. ನಾನು ಬೈದುಕೊಳ್ಳುತ್ತಾ ನಿಂತಿರುತ್ತಿದ್ದೆ.

ಅಲ್ಲಿಗೆ ಬಂದ ಎಷ್ಟೋ ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಇದನ್ನೆಲ್ಲ ನನ್ನ ಹೆಂಡತಿಗೆ ಹೇಳಿದೆ. ಮಳೆಯ ದಿನದ ಕತೆ ಅವಳಿಗೆ ಗೊತ್ತಿತ್ತು. ಆವತ್ತು ನನ್ನ ಪ್ಯಾಂಟು ಒಗೆದವಳು ಅವಳೇ, ಆ ಡ್ರೈವರಿಗೆ ಶಾಪ ಹಾಕಿದವಳೂ ಅವಳೇ. ಡ್ರಾಯರಿನ ಕತೆ ಗೊತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತಾ ಕೇಳಿಸಿಕೊಂಡಳು. ನಮ್ಮ ಮನೆಯ ಮಾತು ಉರ್ದು. ಅವಳು ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಆ ಹುಡುಗಿಯ ಹೆಸರೇನು?"

ಸರ್ಟಿಫಿಕೇಟಿನ ಮೇಲೆ ಆ ಹೆಸರನ್ನು ಬರೆದವನು ನಾನೇ. ಲಗ್ನಪತ್ರಿಕೆಯಲ್ಲೂ ಓದಿದ್ದೆ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗೊತ್ತಿಲ್ಲ ಅಂದೆ.

ಅವಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮೊರ ತೆಗೆದುಕೊಂಡು ಒಳಗೆ ಹೋದಳು.